‘ಎಣ್ಣೆ’ ಹೊಡೆಯುವವನಿಗೆ ಯಾರು ಹೇಳಬೇಕು?

ಕೊಡೇಕಲ್ ಎಂದೊಡನೆ ನಮ್ಮ ಸಮಾಜ ಬಾಂಧವರಿಗೆ ಮೊದಲು ನೆನಪಾಗುವುದು ಕಾಲಜ್ಞಾನದ ಬಸವಣ್ಣನವರು. ಮುಂದೆ ಒದಗಬಹುದಾದುದನ್ನು ಇಂದೇ, ಜನರ ನುಡಿಯಲ್ಲಿಯೇ, ಜನರಿಗೆ ತಿಳಿಸಿಬಿಡಬೇಕೆಂಬ ಕಳಕಳಿ ಕಾಲಜ್ಞಾನದ ಹಿಂದೆ ಇದೆಯೆಂದು ನಾವು ಭಾವಿಸುತ್ತೇವೆ. ಅದೇ ಊರಿನ ಸುತ್ತಲಿನ ಹೊಲಗದ್ದೆಗಳಲ್ಲಿ ತಿಳಿಸಲೇಬೇಕಾದ ಮಾತೊಂದು ಇಂದಿಗೂ ತಿಳಿಸದೆಯೇ ಉಳಿದಿದೆ. ಅದು ದೂರದ ಭವಿಷ್ಯದ ಮಾತಲ್ಲ. ಈ ವಾರ ಯಾರ ಬೆನ್ನಿಗೆ ಪಂಪು ಏರಲಿದೆಯೋ ಅವನಿಗೆ ಸಂಬಂಧಿಸಿದ ಮಾತು.

ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡ ತರುವಾಯ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಸೀಮೆಯ ಚಹರೆಯನ್ನೇ ಬದಲಿಸಿತು. ಜೋಳ, ಸಜ್ಜೆ, ತೊಗರಿಗಳನ್ನು ಮಳೆಯ ನಂಬಿಕೆಯ ಮೇಲೆ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ನಿಂತವು. ಸಾಲ ತೀರಿದ ಮನೆಗಳುಂಟು, ಮಕ್ಕಳು ಓದಿ ಮುಂದೆ ಬಂದ ಮನೆಗಳುಂಟು; ನೀರಿನ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರಿನ ಹಿಂದೆಯೇ ಹುಳವೂ ಬಂದಿತು, ಹುಳದ ಹಿಂದೆ ಬಾಟಲಿಯೂ ಬಂದಿತು. ಜೋಳ ಬಿತ್ತಿದ ಅಜ್ಜನಿಗೆ ಬೆನ್ನಿನ ಪಂಪಿನ ಹಂಗಿರಲಿಲ್ಲ. ಹತ್ತಿ ಮೆಣಸಿನಕಾಯಿ ಬೆಳೆಯುವ ಮೊಮ್ಮಗನಿಗೆ ಅದಿಲ್ಲದೆ ಸಾಗದು.

ಈ ಬಾಟಲಿಯಲ್ಲಿರುವುದನ್ನು ನಮ್ಮ ಕಡೆ ಏನೆಂದು ಕರೆಯುತ್ತೇವೆ? ‘ಎಣ್ಣೆ’ ಎನ್ನುತ್ತೇವೆ, ಇಲ್ಲವೇ ‘ಔಷಧ’ ಎನ್ನುತ್ತೇವೆ. ದಕ್ಷಿಣದ ಕಡೆಯವರು ‘ಎಣ್ಣೆ ಹೊಡೆದ’ ಎಂಬ ಮಾತು ಕೇಳಿದರೆ ಬೇರೊಂದು ಅರ್ಥ ಮಾಡಿಕೊಂಡು ನಕ್ಕಾರು. ಇಲ್ಲಿ ಅದರ ಅರ್ಥ ಬೆಳೆಗೆ ಕೀಟನಾಶಕ ಸಿಂಪಡಿಸಿದ ಎಂದೇ. ಒಂದು ಕ್ಷಣ ಈ ಎರಡು ಶಬ್ದಗಳನ್ನು ಯೋಚಿಸಿ ನೋಡಬೇಕು. ಎಣ್ಣೆ ತಲೆಗೆ ಹಚ್ಚುವಂಥದು, ಒಗ್ಗರಣೆಗೆ ಹಾಕುವಂಥದು, ದೀಪಕ್ಕೆ ಎರೆಯುವಂಥದು. ಔಷಧ ರೋಗ ಕಳೆಯುವಂಥದು. ಮನುಷ್ಯನ ನರಮಂಡಲವನ್ನು ಕೆಡಿಸಬಲ್ಲ ವಸ್ತುವಿಗೆ ಮನೆಯಲ್ಲಿ ಅತ್ಯಂತ ಪ್ರೀತಿಯ ಎರಡು ಹೆಸರುಗಳನ್ನು ಇಟ್ಟಿದ್ದೇವೆ. ಹೆಸರೇ ಅಭಯ ಕೊಟ್ಟ ಮೇಲೆ ಕೂಲಿಕಾರನು ಏಕೆ ಅಂಜಬೇಕು? ‘ಏನೂ ಆಗಂಗಿಲ್ರೀ ಗೌಡ್ರ, ದಿನಾ ಹೊಡಿತೀವಲ್ಲ’ ಎಂದು ಅವನು ನಗುತ್ತ ಹೇಳುವುದರಲ್ಲಿ ಧೈರ್ಯಕ್ಕಿಂತ ನಮ್ಮ ಶಬ್ದದ ಮೇಲಿನ ವಿಶ್ವಾಸವೇ ಹೆಚ್ಚು.

ಈ ಲೇಖನವನ್ನು ನಾವು ಕೂಲಿಕಾರನಿಗಾಗಿ ಬರೆಯುತ್ತಿಲ್ಲ. ಈ ಪತ್ರಿಕೆ ಅವನ ಕೈಗೆ ಹೋಗುವುದು ವಿರಳ. ಹೊಲದ ಒಡೆಯರ ಮನೆಗೆ, ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ಇಟ್ಟವರ ಮನೆಗೆ, ಅವರ ಓದಿದ ಮಕ್ಕಳ ಕೈಗೆ ಇದು ಹೋಗುತ್ತದೆ. ಬಾಟಲಿಯನ್ನು ಕೊಳ್ಳುವವರು ನಾವು, ಅದರ ಮೇಲಿನ ಚೀಟಿಯನ್ನು ಓದಬಲ್ಲವರು ನಾವು. ಬೆನ್ನಿಗೇರಿಸಿಕೊಳ್ಳುವವನು ಮಾತ್ರ ಬೇರೊಬ್ಬ. ಎಷ್ಟೋ ಸಲ ಬಾಟಲಿಯನ್ನು ಬದುವಿನ ಮೇಲಿಟ್ಟು ‘ಟ್ಯಾಂಕಿಗೆ ಇಷ್ಟು ಮುಚ್ಚಳ ಹಾಕು’ ಎಂದು ಹೇಳಿದರೆ ನಮ್ಮ ಕರ್ತವ್ಯ ಮುಗಿಯಿತು. ಕಾಯಕವೆಂಬ ಶಬ್ದವನ್ನು ವೇದಿಕೆಯ ಮೇಲೆ ನಾವು ಬಳಸಿದಷ್ಟು ಮತ್ತಾರೂ ಬಳಸಿರಲಾರರು. ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯನವರಿಗೆ, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿಗೆ, ಮಡಿವಾಳ ಮಾಚಿದೇವರಿಗೆ ಸ್ಥಾನವಿತ್ತೆಂದು ಹೆಮ್ಮೆಪಡುತ್ತೇವೆ. ಶರಣರು ತಿಳಿವನ್ನು ದುಡಿಯುವವರ ನುಡಿಗೆ ಇಳಿಸಿದರು. ನಮ್ಮ ಹೊಲದಲ್ಲಿ ದುಡಿಯುವವನು ತನ್ನ ಕೈಯಲ್ಲಿರುವ ವಸ್ತುವಿನ ನಿಜವಾದ ಹೆಸರನ್ನೇ ತಿಳಿಯನೆಂದರೆ ಆ ಹೆಮ್ಮೆಯ ಬೆಲೆಯೆಷ್ಟು?

ಚೀಟಿಯಲ್ಲಿ ಏನಿದೆಯೆಂಬುದನ್ನು ನೋಡೋಣ. 1968ರ ಕೀಟನಾಶಕ ಕಾಯಿದೆ ಮತ್ತು ಅದರ ಅಡಿಯಲ್ಲಿ ಬಂದ 1971ರ ನಿಯಮಗಳು ಪ್ರತಿಯೊಂದು ಡಬ್ಬಿಯ ಮೇಲೆ ವಜ್ರದಾಕಾರದ ಒಂದು ಗುರುತು ಇರಬೇಕೆಂದು ವಿಧಿಸಿದವು. ಅದರ ಕೆಳಗಿನ ಅರ್ಧದ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ. ಕೆಂಪೆಂದರೆ ಅತ್ಯಂತ ಘೋರವಾದ ವಿಷ. ಮೇಲಿನ ಅರ್ಧದಲ್ಲಿ ತಲೆಬುರುಡೆ, ಎಲುಬುಗಳ ಚಿತ್ರವೂ ‘ವಿಷ’ ಎಂಬ ಶಬ್ದವೂ ಇರುತ್ತವೆ. ಹಳದಿಯೆಂದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅಲ್ಲಿಯೂ ‘ವಿಷ’ವೆಂದೇ ಬರೆದಿರುತ್ತದೆ. ನೀಲಿಗೆ ‘ಅಪಾಯ’, ಹಸಿರಿಗೆ ‘ಎಚ್ಚರಿಕೆ’. ಓದು ಬಾರದವನಿಗೂ ತಿಳಿಯಲೆಂದು ಮಾಡಿದ ಉತ್ತಮ ಏರ್ಪಾಡು ಇದು. ಆದರೆ ಈ ಗುರುತು ಚೀಟಿಯ ಮುಖಭಾಗದ ಹದಿನಾರನೆಯ ಒಂದು ಪಾಲಿಗೆ ಕಡಿಮೆಯಿರಬಾರದೆಂಬುದಷ್ಟೇ ನಿಯಮ. ನೂರು ಮಿಲಿ ಬಾಟಲಿಯ ಮೇಲೆ ಅದು ಹೆಬ್ಬೆರಳ ಉಗುರಿನಷ್ಟಾದೀತು. ಪ್ರಾದೇಶಿಕ ಭಾಷೆಯಲ್ಲಿಯೂ ಸೂಚನೆ ಇರಬೇಕೆಂದು ನಿಯಮವಿದ್ದರೂ, ಅಕ್ಷರಗಳು ಇರುವೆಯ ಸಾಲಿನಂತಿರುತ್ತವೆ. ಕನ್ನಡಕ ಹಾಕಿಕೊಂಡವರಿಗೂ ಕಷ್ಟ. ಮಡಿಸಿ ಇಟ್ಟ ಹಾಳೆಯಂತೂ ಅಂಗಡಿಯ ಮುಂದೆಯೇ ಗಾಳಿಪಾಲು.

ಇನ್ನೊಂದು ತೊಡಕಿದೆ. ಬಣ್ಣಗಳ ಅರ್ಥವನ್ನು ಯಾರೂ ಹೇಳಿಕೊಡದಿದ್ದರೆ ನೋಡುವವನು ತನ್ನದೇ ಅರ್ಥ ಕಟ್ಟಿಕೊಳ್ಳುತ್ತಾನೆ. ರೈತಾಪಿ ಮನುಷ್ಯನಿಗೆ ಹಸಿರೆಂದರೆ ಬೆಳೆ, ಹಸಿರೆಂದರೆ ಸಮೃದ್ಧಿ. ಹಸಿರು ಗುರುತಿನ ಡಬ್ಬಿ ಹಾನಿರಹಿತವೆಂದು ಅವನು ತಿಳಿದರೆ ತಪ್ಪು ಅವನದಲ್ಲ. ಅಲ್ಲದೆ ಈ ಬಣ್ಣಗಳು ಹೇಳುವುದು ಒಮ್ಮೆಗೇ ದೇಹ ಸೇರಿದರೆ ಎಷ್ಟು ಪ್ರಮಾಣದಲ್ಲಿ ಪ್ರಾಣಕ್ಕೆ ಎರವಾದೀತು ಎಂಬುದನ್ನು ಮಾತ್ರ. ಹತ್ತು ಹದಿನೈದು ವರ್ಷ ಸ್ವಲ್ಪ ಸ್ವಲ್ಪವೇ ಮೈಗೆ ಇಳಿದರೆ ಏನಾದೀತೆಂಬುದಕ್ಕೆ ಚೀಟಿಯ ಮೇಲೆ ಯಾವ ಬಣ್ಣವೂ ಇಲ್ಲ.

ವಿಷ ದೇಹದೊಳಗೆ ಹೇಗೆ ಹೋಗುತ್ತದೆಂಬ ವಿಷಯದಲ್ಲಿಯೂ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಕುಡಿದರೆ ಮಾತ್ರ ಅಪಾಯ, ಮೂಗಿಗೆ ಟವೆಲು ಕಟ್ಟಿಕೊಂಡರೆ ಸಾಕು ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಸಿಂಪಡಿಸುವವನ ಮೈಯೊಳಗೆ ಹೆಚ್ಚಿನ ವಿಷ ಹೋಗುವುದು ಚರ್ಮದ ಮೂಲಕ. ಅಳೆದು ಹಾಕುವಾಗ ಬೆರಳಿಗೆ ತಾಗುವುದು ನೀರು ಬೆರೆಸದ ಮೂಲ ವಿಷ. ಇಡೀ ದಿನದ ಸಿಂಪರಣೆಗಿಂತ ಆ ಒಂದು ಕ್ಷಣ ಹೆಚ್ಚು ಅಪಾಯದ್ದು. ಬರಿಗೈಯಿಂದ ಕಲಕುವವರನ್ನು ನಾವೆಲ್ಲ ಕಂಡಿದ್ದೇವೆ. ನಾಜಲ್ ಕಟ್ಟಿಕೊಂಡಾಗ ಬಾಯಿಯಿಂದ ಊದಿ ತೆರವು ಮಾಡುವವರನ್ನೂ ಕಂಡಿದ್ದೇವೆ. ಪಂಪಿನ ಮುಚ್ಚಳ ಸಡಿಲವಾಗಿದ್ದರೆ ದ್ರವ ಬೆನ್ನಿಗೆ ಸೋರಿ, ಸೊಂಟಕ್ಕೆ ಇಳಿದು, ತೊಡೆಸಂದಿಯ ಬಟ್ಟೆಯಲ್ಲಿ ನಿಲ್ಲುತ್ತದೆ. ಆ ಭಾಗದ ಚರ್ಮ ಮುಂಗೈಯ ಚರ್ಮಕ್ಕಿಂತ ಅನೇಕ ಪಟ್ಟು ಬೇಗ ವಿಷವನ್ನು ಹೀರಿಕೊಳ್ಳುತ್ತದೆ. ಸಂಕೋಚದ ಮಾತೆಂದು ಇದನ್ನು ಯಾರೂ ಹೇಳುವುದಿಲ್ಲ. ಆದುದರಿಂದಲೇ ಇಲ್ಲಿ ಬರೆಯಬೇಕಾಯಿತು.

ನಮ್ಮ ಹೊಲಗಳಲ್ಲಿ ಬಹುಕಾಲ ಬಳಕೆಯಾದ ಕೀಟನಾಶಕಗಳಲ್ಲಿ ದೊಡ್ಡ ಪಂಗಡ ಸಾವಯವ ರಂಜಕಗಳದು. ‘ಸಾವಯವ’ ಎಂಬ ಮಾತಿಗೆ ಮರುಳಾಗಬಾರದು. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿ ಕೀಟ ಕೊಲ್ಲುವ ಮದ್ದನ್ನು ಹುಡುಕುತ್ತ ಹೊರಟಾಗ ಈ ಪಂಗಡದ ವಸ್ತುಗಳು ದೊರೆತವು. ಅದೇ ಹುಡುಕಾಟದಲ್ಲಿ ಯುದ್ಧದ ನರವಿಷವಾದ ಟಾಬುನ್ ಕೂಡ ದೊರೆಯಿತು. ಎರಡೂ ಒಂದೇ ಕುಲದವು.

ಇವು ಮಾಡುವ ಕೆಲಸ ಕಾಲುವೆಯ ನಾಡಿನವರಿಗೆ ಸುಲಭವಾಗಿ ತಿಳಿಯುವಂಥದು. ನರವು ಸ್ನಾಯುವಿಗೆ, ಗ್ರಂಥಿಗೆ ಅಪ್ಪಣೆ ಮುಟ್ಟಿಸಲು ಅಸಿಟೈಲ್‌ಕೊಲಿನ್ ಎಂಬ ದ್ರವ್ಯವನ್ನು ಹರಿಸುತ್ತದೆ. ಅಪ್ಪಣೆ ಮುಟ್ಟಿದೊಡನೆ ಆ ದ್ರವ್ಯವನ್ನು ಅಳಿಸಿಹಾಕಲು ಕೊಲಿನೆಸ್ಟರೇಸ್ ಎಂಬ ಕಿಣ್ವವಿದೆ. ತೂಬು ತೆರೆದ ಮೇಲೆ ಮುಚ್ಚುವ ಆಳು ಇದ್ದಂತೆ. ವಿಷವು ಈ ಆಳನ್ನು ಕಟ್ಟಿಹಾಕುತ್ತದೆ. ತೂಬು ಮುಚ್ಚುವವರಿಲ್ಲ, ನೀರು ನುಗ್ಗುತ್ತಲೇ ಇರುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ವಾಂತಿ, ಭೇದಿ, ಸ್ನಾಯುಗಳ ಅದುರು, ಎದೆ ಬಿಗಿತ. ಕೊನೆಗೆ ಶ್ವಾಸಕೋಶದಲ್ಲಿ ಕಫ ತುಂಬಿ, ಉಸಿರಾಟದ ಸ್ನಾಯುಗಳು ಸೋತು ಉಸಿರು ನಿಲ್ಲುತ್ತದೆ.

ಕಟ್ಟಿಹಾಕಲ್ಪಟ್ಟ ಈ ಕಿಣ್ವ ರಾತ್ರಿ ಮಲಗಿ ಬೆಳಗ್ಗೆ ಎದ್ದೊಡನೆ ಮರಳಿ ಬರುವುದಿಲ್ಲ. ಪೂರ್ತಿ ಮರಳಲು ವಾರಗಳೇ ಬೇಕು. ‘ನಿನ್ನೆ ಹೊಡೆದೆ, ಏನೂ ಆಗಲಿಲ್ಲ’ ಎಂಬ ಮಾತಿನಲ್ಲಿರುವ ಮೋಸ ಇದೇ. ಹಂಗಾಮಿನಲ್ಲಿ ಇಂದು ಒಬ್ಬರ ಹೊಲ, ನಾಳೆ ಮತ್ತೊಬ್ಬರ ಹೊಲ ಎಂದು ಬಿಡುವಿಲ್ಲದೆ ಹೊಡೆಯುವವನ ಮೈಯಲ್ಲಿ ಕಿಣ್ವ ದಿನೇ ದಿನೇ ತಗ್ಗುತ್ತ ಹೋಗುತ್ತದೆ. ಯಾವುದೋ ಒಂದು ದಿನ, ಎಂದಿನಷ್ಟೇ ಪ್ರಮಾಣಕ್ಕೆ, ಅವನು ಬದುವಿನಲ್ಲಿ ಕುಸಿಯುತ್ತಾನೆ. ಆ ದಿನದ ಒಡೆಯ ‘ನನ್ನ ಹೊಲದಲ್ಲಿ ಹೆಚ್ಚೇನೂ ಹೊಡೆದಿರಲಿಲ್ಲ’ ಎನ್ನುತ್ತಾನೆ, ಅದು ಸುಳ್ಳಲ್ಲ. ಇದನ್ನು ಅರಿತೇ 1971ರ ನಿಯಮಗಳು ಈ ಪಂಗಡದ ವಿಷಗಳೊಡನೆ ದುಡಿಯುವವರ ರಕ್ತದಲ್ಲಿ ಕೊಲಿನೆಸ್ಟರೇಸ್ ಪ್ರಮಾಣವನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಹೇಳಿದವು. ದಿನಗೂಲಿಗೆ ಹೊಲದಿಂದ ಹೊಲಕ್ಕೆ ಹೋಗುವವನಿಗೆ ಆ ಪರೀಕ್ಷೆ ಮಾಡಿಸುವವರಾರು? ನಿಯಮ ಪುಸ್ತಕದಲ್ಲಿ ಉಳಿಯಿತು.

ಬೇಸಿಗೆಯ ನಾಡಿನಲ್ಲಿ ಮತ್ತೊಂದು ಗೊಂದಲವಿದೆ. ತಲೆನೋವು, ಬಳಲಿಕೆ, ಓಕರಿಕೆ ಕಂಡರೆ ‘ಉಷ್ಣವಾಯಿತು, ಬಿಸಿಲು ಹೊಡೆಯಿತು’ ಎಂದು ಮಜ್ಜಿಗೆ ಕುಡಿಸಿ ನೆರಳಲ್ಲಿ ಮಲಗಿಸುವುದು ವಾಡಿಕೆ. ಬಿಸಿಲಿನಿಂದ ಬಳಲಿದವನ ಬಾಯಿ ಒಣಗಿರುತ್ತದೆ. ಈ ವಿಷ ಏರಿದವನ ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗಿರುತ್ತದೆ, ನೋಟ ಮಂಜಾಗುತ್ತದೆ. ಇಷ್ಟನ್ನು ಮನೆಯ ಹೆಣ್ಣುಮಕ್ಕಳೂ ಗುರುತಿಸಬಲ್ಲರು. ಆದರೆ ಎಲ್ಲ ಕೀಟನಾಶಕಗಳ ಲಕ್ಷಣಗಳೂ ಒಂದೇ ಅಲ್ಲ. ಸಿಂಪರಣೆ ಮಾಡಿದ ದಿನ ಯಾರಿಗೇ ಅಸ್ವಸ್ಥತೆ ಕಂಡರೂ ಮೊದಲು ವಿಷವನ್ನೇ ಶಂಕಿಸುವುದು ಲೇಸು.

ಶಂಕಿಸದೆ ಹೋದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2017ರಲ್ಲಿ ನೆರೆಯ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಯಾರೂ ವಿಷವನ್ನು ಕುಡಿದಿರಲಿಲ್ಲ. ಹತ್ತಿಯ ಗಿಡ ಆ ವರ್ಷ ಆಳೆತ್ತರಕ್ಕೆ ಬೆಳೆದಿತ್ತು. ನಾಜಲನ್ನು ಮೇಲಕ್ಕೆತ್ತಿ ಹೊಡೆಯಬೇಕಾಯಿತು. ಹೊಡೆದದ್ದು ಮುಖದ ಮೇಲೆ, ಎದೆಯ ಮೇಲೆ ಮರಳಿ ಇಳಿಯಿತು. ಎರಡು ಮೂರು ಬಗೆಯ ವಿಷಗಳನ್ನು ಒಟ್ಟಿಗೆ ಬೆರೆಸಿದ್ದರು. ಆ ಹತ್ತಿ, ಆ ಕಪ್ಪು ಮಣ್ಣು, ಆ ಪಂಪು, ಆ ಬೆರಕೆ ಯಾವುದೂ ನಮ್ಮ ಸುರಪುರ ಶಹಾಪುರದ ಹೊಲಗಳಿಗೆ ಅಪರಿಚಿತವಲ್ಲ.

ನಿಧಾನವಾಗಿ ಕಾಡುವ ರೋಗದ ಕಥೆಗೆ ನಮ್ಮದೇ ಕನ್ನಡಿಗರ ನೆಲ ಸಾಕ್ಷಿಯಾಗಿದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಸುಮಾರು ಎರಡು ದಶಕಗಳಿಗೂ ಮಿಕ್ಕಿ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಅತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯ ಗೇರು ತೋಟಗಳ ಮೇಲೂ ಅದೇ ನಡೆಯಿತು. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರದೌರ್ಬಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರುಗಳು ಒಂದೇ ಸೀಮೆಯಲ್ಲಿ ಇಷ್ಟೇಕೆ ಎಂದು ಕೇಳಿದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ವಿಮಾನದಿಂದ ಸಿಂಪಡಿಸುವ ಮುನ್ನ ಇಪ್ಪತ್ತನಾಲ್ಕು ಗಂಟೆ ಮೊದಲೇ ಜನರಿಗೆ ತಿಳಿಸಬೇಕೆಂಬ ನಿಯಮವಿತ್ತು. ಹೆಲಿಕಾಪ್ಟರ್ ಬಂದರೆ ಮಕ್ಕಳು ಅಂಗಳಕ್ಕೆ ಓಡಿಬಂದು ನೋಡುವ ಕಾಲವದು. ತೋಟದಲ್ಲಿ ದುಡಿಯುವವರಿಗೂ ಕೆಳಗೆ ನಿಂತು ನೋಡುವವರಿಗೂ ಸುರಿಯುತ್ತಿರುವುದು ಏನೆಂಬುದರ ಅರಿವು ಇರಲಿಲ್ಲ.

ತಿಳಿಸದಿರುವುದೇ ಒಂದು ಅಪಘಾತವೆಂದು ಈ ದೇಶ ಮನಗಂಡದ್ದು 1984ರ ಡಿಸೆಂಬರಿನಲ್ಲಿ, ಭೋಪಾಲದಲ್ಲಿ. ಅಲ್ಲಿ ಸೋರಿದ ಅನಿಲವೂ ಕೀಟನಾಶಕ ತಯಾರಿಕೆಯದೇ. 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಅಪಾಯಕಾರಿ ವಸ್ತುವಿನ ಸ್ವರೂಪವನ್ನು, ಅದರಿಂದ ಪಾರಾಗುವ ಬಗೆಯನ್ನು ಕಾರ್ಮಿಕರಿಗೆ ತಿಳಿಸುವುದು ಮಾಲೀಕನ ಹೊಣೆಯೆಂದು ವಿಧಿಸಲಾಯಿತು. ಒಳ್ಳೆಯದೇ ಆಯಿತು. ಆದರೆ ಆ ಕಾಯಿದೆ ಕಾರ್ಖಾನೆಯ ಗೇಟಿನಲ್ಲಿಯೇ ನಿಂತಿತು. ಕಾರ್ಖಾನೆಯಲ್ಲಿ ತಯಾರಿಸುವವನಿಗೆ ತಿಳಿಯುವ ಹಕ್ಕು ಬಂದಿತು. ಅದನ್ನೇ ಬೆನ್ನ ಮೇಲೆ ಹೊರುವವನಿಗೆ ಯಾರು ಹೇಳಬೇಕು? ಅವನ ಮಾಲೀಕರು ನಾವೇ ಅಲ್ಲವೇ?

ಹಾಗಾದರೆ ಮನೆಮಟ್ಟದಲ್ಲಿ ಆಗಬೇಕಾದುದೇನು? ಮೊದಲನೆಯದಾಗಿ ಅದನ್ನು ವಿಷವೆಂದೇ ಕರೆಯಬೇಕು. ‘ಇವತ್ತು ಹೊಡಿಯೋದು ವಿಷ ಐತಪ್ಪಾ, ಕೆಂಪು ಗುರ್ತಿಂದು’ ಎಂದು ಬದುವಿನ ಮೇಲೆ ನಿಂತು ಹೇಳುವುದಕ್ಕೆ ಖರ್ಚೇನೂ ಇಲ್ಲ. ವಜ್ರದ ಗುರುತನ್ನು ಬೆರಳಿಟ್ಟು ತೋರಿಸಬೇಕು. ಅಳೆದು ಬೆರೆಸುವಾಗ ರಬ್ಬರಿನ ಕೈಗವಸು ಇರಲೇಬೇಕು. ಬಟ್ಟೆಯ ಕೈಗವಸು ವಿಷವನ್ನು ಹೀರಿ ಹಿಡಿದಿಡುವುದರಿಂದ ಬರಿಗೈಗಿಂತಲೂ ಕೇಡು. ಮೈತುಂಬ ರಬ್ಬರಿನ ಉಡುಪು ತೊಡಬೇಕೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಬಿಸಿಲಿನಲ್ಲಿ ಅದನ್ನು ತೊಟ್ಟು ಅರ್ಧ ತಾಸು ನಿಲ್ಲುವುದೂ ಕಠಿಣವೆಂಬುದನ್ನು ಪುಸ್ತಕ ಬರೆದವರು ಅರಿಯರು. ತುಂಬುತೋಳಿನ ದಪ್ಪ ಅಂಗಿ, ಪ್ಯಾಂಟು, ಬೆನ್ನಿಗೂ ಸೊಂಟಕ್ಕೂ ಕಟ್ಟಿದ ಪ್ಲಾಸ್ಟಿಕ್ ಹಾಳೆ, ಕಣ್ಣಿಗೆ ಕನ್ನಡಕ, ಮೂಗುಬಾಯಿಗೆ ಮುಸುಕು, ಗಾಳಿಯ ಕಡೆಗೆ ಬೆನ್ನು, ಬೆಳಗಿನ ಅಥವಾ ಸಂಜೆಯ ತಂಪುಹೊತ್ತು, ಇಷ್ಟು ಸಾಧ್ಯವಿದೆ. ಇದನ್ನು ಒಡೆಯನೇ ಕೊಂಡು ಕೊಡಬೇಕು. ಕೂಲಿಯವನಿಗೆ ‘ಜೋಪಾನ’ ಎಂದು ಉಪದೇಶ ಮಾಡಿ ಕೈಗವಸು ಕೊಡದಿರುವುದು ಬೂಟಾಟಿಕೆಯೇ ಸರಿ. ಇಂದಿನ ಅನೇಕ ಬಾಟಲಿಗಳ ಬೆಲೆಯ ಮುಂದೆ ಅದರ ಬೆಲೆ ಏನೇನೂ ಅಲ್ಲ. ಸೋರುವ ಪಂಪನ್ನು ರಿಪೇರಿ ಮಾಡಿಸದೆ ಕೊಡಲೇಬಾರದು. ಒಬ್ಬನನ್ನೇ ದಿನವಿಡೀ, ವಾರವಿಡೀ ಹಚ್ಚಬಾರದು. ಕೆಲಸದ ನಡುವೆ ಬೀಡಿ, ಗುಟ್ಕಾ, ರೊಟ್ಟಿ ಎಲ್ಲಕ್ಕೂ ಮೊದಲು ಕೈ ಸಾಬೂನು ಕಾಣಬೇಕು. ಸಿಂಪರಣೆಯ ವಿಷಯದಲ್ಲಿ ತರಬೇತಿ ಬೇಕಾದವರಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ಭೀಮರಾಯನಗುಡಿಯ ಕೃಷಿ ಕಾಲೇಜೂ ದೂರವಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರವಂತೂ ಕೈಯಳತೆಯಲ್ಲಿದೆ.

ಹೆಣ್ಣುಮಕ್ಕಳ ಪಾಲನ್ನು ಮರೆಯಬಾರದು. ಪಂಪು ಹೊರುವವನು ಗಂಡಸಾದರೂ ಬೆರೆಸಲು ನೀರು ಹೊತ್ತು ತರುವವಳು, ಮರುದಿನವೇ ಅದೇ ಹೊಲದಲ್ಲಿ ಕಳೆ ಕೀಳುವವಳು, ವಿಷ ನೆನೆದ ಅಂಗಿಯನ್ನು ಮಗುವಿನ ಬಟ್ಟೆಯೊಡನೆ ಒಗೆಯುವವಳು ಹೆಂಗಸು. ಅವಳಿಗೆ ಯಾರೂ ಎಚ್ಚರಿಕೆ ಹೇಳುವುದಿಲ್ಲ, ಏಕೆಂದರೆ ಅವಳು ‘ಎಣ್ಣೆ ಹೊಡೆದವಳಲ್ಲ’. ಸಿಂಪಡಿಸಿದ ಹೊಲಕ್ಕೆ ಎಷ್ಟು ದಿನ ಹೋಗಬಾರದೆಂಬುದು ಚೀಟಿಯ ಹಾಳೆಯಲ್ಲಿದ್ದರೆ ಅದನ್ನು ಓದಿ ಹೇಳಬೇಕು; ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಬಸುರಿಯರನ್ನೂ ಎಳೆಯ ಮಕ್ಕಳ ತಾಯಂದಿರನ್ನೂ ಈ ಕೆಲಸಕ್ಕೆ ಕರೆಯದಿರುವುದು ಮನುಷ್ಯತ್ವ.

ಖಾಲಿ ಡಬ್ಬಿಗಳ ವಿಷಯ. ಗಟ್ಟಿಮುಟ್ಟಾದ, ಬಿಗಿ ಮುಚ್ಚಳದ ಡಬ್ಬಿಯನ್ನು ಎಸೆಯಲು ಬಡವನಿಗೆ ಮನಸ್ಸಾಗದು. 2013ರ ಜುಲೈ 16ರಂದು ಬಿಹಾರದ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿದ್ದು ಪರೀಕ್ಷೆಯಲ್ಲಿ ಕಂಡುಬಂದಿತು. ಆ ಎಣ್ಣೆಯನ್ನು ಇಟ್ಟದ್ದು ಹಿಂದೆ ಕೀಟನಾಶಕವಿದ್ದ ಡಬ್ಬಿಯಲ್ಲಿ. ಅಲ್ಲಿ ಎಣ್ಣೆಯೂ ‘ಎಣ್ಣೆ’ಯೂ ನಿಜವಾಗಿಯೇ ಒಂದಾಗಿಬಿಟ್ಟವು. ಮೂರು ಸಲ ನೀರಿನಿಂದ ತೊಳೆದು, ತೊಳೆದ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆದು ಕೆಡಿಸಬೇಕು. ಕಾಲುವೆಗೆ ಎಸೆಯಬಾರದು; ಕೆಳಗಿನ ಊರಿನವರು ಅದೇ ನೀರನ್ನು ಬಳಸುತ್ತಾರೆ.

ಆ ಮೊನೊಕ್ರೊಟೊಫಾಸಿನ 36 ಪ್ರತಿಶತ ದ್ರಾವಣವನ್ನು ಕೇಂದ್ರ ಸರಕಾರ 2023ರ ಆದೇಶದಲ್ಲಿ ನಿಷೇಧಿಸಿತು. ಫೋರೇಟ್, ಟ್ರೈಯಾಜೋಫಾಸ್‌ಗಳ ಮಾರಾಟ, ಬಳಕೆ 2020ರ ಕೊನೆಗೇ ನಿಂತಿರಬೇಕಿತ್ತು. ಅಟ್ಟದ ಮೇಲೆ, ದನದ ಕೊಟ್ಟಿಗೆಯ ಮಾಡದಲ್ಲಿ ಹಳೆಯ ಬಾಟಲಿ ಉಳಿದಿದ್ದರೆ ‘ದುಡ್ಡು ಕೊಟ್ಟಿದ್ದೇವೆ, ಹೊಡೆದುಬಿಡೋಣ’ ಎಂದು ಕೂಲಿಯವನ ಕೈಗೆ ಕೊಡಬಾರದು. ಹಾಗೆ ಮಾಡುವುದು ಕಾಯಿದೆಗೂ ವಿರುದ್ಧ. ಅಂಗಡಿಯಿಟ್ಟಿರುವ ನಮ್ಮ ಬಾಂಧವರಲ್ಲಿ ಒಂದು ಮಾತು: ಗಿರಾಕಿ ‘ಹುಳಕ್ಕೆ ಏನಾದರೂ ಗಟ್ಟಿಯಾದದ್ದು ಕೊಡ್ರಿ ಸಾವ್ಕಾರ್ರ’ ಎಂದಾಗ ಅವನಿಗೆ ಸಿಗುವ ಏಕೈಕ ಪಾಠಶಾಲೆ ನಿಮ್ಮ ಗಲ್ಲೆಯೇ. ಎರಡು ಬಾಟಲಿ ಕೂಡಿಸಿ ಹೊಡೆಯಲು ಹೇಳುವ ಮುನ್ನ ಯಾರ ಬೆನ್ನು ಅದನ್ನು ಹೊರುತ್ತದೆಂದು ನೆನೆಯಿರಿ.

ಇಷ್ಟಾದರೂ ಆಪತ್ತು ಬಂದರೆ, ಮೊದಲು ಆಳನ್ನು ಹೊಲದಿಂದ ಹೊರಗೆ ತರಬೇಕು, ಬಟ್ಟೆ ಕಳಚಿ ಸಾಬೂನು ಹಚ್ಚಿ ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು. ತೊಳೆಯುವವರ ಕೈಗೂ ಕೈಗವಸು ಇರಲಿ. ಉಪ್ಪುನೀರು, ಹಾಲು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಎಚ್ಚರ ತಪ್ಪುತ್ತಿರುವವನ ಶ್ವಾಸಕೋಶಕ್ಕೆ ಅದು ಇಳಿದರೆ ಎರಡನೆಯ ಆಪತ್ತು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಸಾವಯವ ರಂಜಕದ ವಿಷಕ್ಕೆ ಅಟ್ರೊಪಿನ್ ಇದೆ, ವೈದ್ಯರು ಪಿ.ಎ.ಎಂ. ಎನ್ನುವ ಮದ್ದೂ ಇದೆ. ಕಳೆನಾಶಕವಾದ ಪ್ಯಾರಾಕ್ವಾಟ್‌ಗೆ ಯಾವ ಮಾರ್ಪಿಷವೂ ಇಲ್ಲ. ಯಾವುದಕ್ಕೆ ಯಾವ ಚಿಕಿತ್ಸೆಯೆಂಬುದು ವೈದ್ಯರಿಗೆ ಗೊತ್ತು, ಆದರೆ ಮೈಗೆ ಹೋದದ್ದು ಯಾವುದೆಂಬುದನ್ನು ನಾವು ಹೇಳಬೇಕು. ಕೊಡೇಕಲ್‌ನಿಂದ ಹುಣಸಗಿ, ಅಲ್ಲಿಂದ ಸುರಪುರ, ಕೈಮೀರಿದರೆ ಕಲಬುರಗಿ ಇಲ್ಲವೇ ರಾಯಚೂರು. ಗಾಬರಿಯಲ್ಲಿ ಡಬ್ಬಿ ಹೊಲದಲ್ಲಿಯೇ ಉಳಿದುಬಿಡುತ್ತದೆ, ಕೇಳಿದರೆ ‘ಎಣ್ಣಿ ಹೊಡಿಲಿಕ್ಕೆ ಹೋಗಿದ್ದ’ ಎಂಬುದೊಂದೇ ಉತ್ತರ. ಬಾಟಲಿಯ ಮುಚ್ಚಳ ತೆರೆಯುವ ಮುನ್ನವೇ ಮನೆಯ ಹುಡುಗರು ತಮ್ಮ ಮೊಬೈಲಿನಲ್ಲಿ ಅದರ ಚೀಟಿಯ ಒಂದು ಫೋಟೊ ತೆಗೆದಿಟ್ಟುಕೊಳ್ಳಲಿ, ಪಂಪು ಹೊರುವವನ ಮನೆಯವರ ಮೊಬೈಲಿಗೂ ಒಂದು ಕಳಿಸಲಿ.